ಹೊರಕೋಣೆಯ ಟ್ರಾಕ್ಟರ್ ಆಟ

ಶಾಗ್ಯದ ನಮ್ಮ ಮನೆಯಲ್ಲಿ ಒಳ್ಳೆಯ ಜಾಗವೆಲ್ಲ ರೇಷ್ಮೆ ಹುಳಕ್ಕೆ. ಮಿಕ್ಕಿದ್ದರಲ್ಲಿ ಮನುಷ್ಯರು ಇರಬೇಕು. ನಡುಮನೆಯ ಗೋಡೆಯಿಂದ ಗೋಡೆಗೆ ಬಿದಿರು ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿದ ಸ್ಟ್ಯಾಂಡುಗಳು, ಕಿಟಕಿಗೆ ಒದ್ದೆ ಗೋಣಿತಾಟು, ಹೊಸಿಲಿಗೆ ಸುಣ್ಣದ ಪುಡಿ. ಹೆಂಗಸರು ಮಕ್ಕಳೆಲ್ಲ ಜಗಲಿಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಮಳೆ ಇರಚಲು ಹೊಡೆದರೆ ಚಾಪೆ ಸುತ್ತಿಕೊಂಡು ಕೊಟ್ಟಿಗೆಗೆ ಓಡಬೇಕು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ಬಿಡುವಿಲ್ಲದೆ ತಿನ್ನುತ್ತದೆ. ಆ ವಾರವೆಲ್ಲ ಮನೆಯಲ್ಲಿ ಒಗ್ಗರಣೆ ಇಲ್ಲ, ಮೆಣಸಿನಕಾಯಿ ಹುರಿಯುವ ಹಾಗಿಲ್ಲ. ಘಾಟು ತಗುಲಿದರೆ ಹುಳ ಕೆಡುತ್ತದಂತೆ. ಉಪ್ಪು ಹಾಕಿ ಬೇಯಿಸಿದ ಸೊಪ್ಪು, ರಾಗಿ ಮುದ್ದೆ, ಅಷ್ಟೇ. ಈಗ ನನ್ನ ಸೊಸೆ, ಆಗಿನ ಊಟ ಎಷ್ಟು ಚೆಂದ, ಅದಕ್ಕೇ ನೀವು ಗಟ್ಟಿಯಾಗಿದ್ದೀರಿ ಅನ್ನುತ್ತಾಳೆ. ಹುಳದ ಸಲುವಾಗಿ ಸಪ್ಪೆ ತಿಂದವಳು ನಾನು. ನನ್ನ ಮುಂದೆ ಆ ಮಾತು ಆಡಬೇಡ ಎಂದು ಹೇಳಿದ್ದೇನೆ.

ಮನೆಯ ಯಜಮಾನ ದೊಡ್ಡಪ್ಪ. ಅವನು ಗದರಿದ್ದನ್ನು ನಾನು ಕೇಳಿಲ್ಲ. ಒಂದು ಸಲ ಕೆಮ್ಮಿದರೆ ಮನೆ ಸುಮ್ಮನಾಗುತ್ತಿತ್ತು. ಒಳಗಿನ ಅಧಿಕಾರವೆಲ್ಲ ದೊಡ್ಡವ್ವನದು. ನನ್ನ ಅಪ್ಪ ಅಣ್ಣತಮ್ಮಂದಿರಲ್ಲಿ ನಡುವಿನವನು, ನಾನು ಕೈಗೂಸಾಗಿದ್ದಾಗಲೇ ಸತ್ತ. ಹಾಗಾಗಿ ಅವ್ವ ಆ ಮನೆಯಲ್ಲಿ ಅರ್ಧ ಸೊಸೆ, ಅರ್ಧ ಆಳು. ದೊಡ್ಡವ್ವ ಮುದ್ದೆ ಕಟ್ಟುವಾಗ ಅವ್ವನ ಮುದ್ದೆಯ ಹೊತ್ತಿಗೆ ಹಿಟ್ಟು ತಳ ಕಂಡಿರುತ್ತಿತ್ತು. ಒಂದು ದಿನ ನಾನು ಎಲ್ಲರ ಮುಂದೆ, ಅವ್ವನದು ಯಾಕೆ ಸಣ್ಣದು ಎಂದು ಕೇಳಿದೆ. ಅವ್ವನೇ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. ಆಮೇಲೆ ತನ್ನ ತಟ್ಟೆಗೆ ಹೋಗಿ ಕೂತು ಆ ಸಣ್ಣ ಮುದ್ದೆಯನ್ನೇ ಮುರಿದು ನುಂಗಿದಳು. ನನ್ನ ಸಿಟ್ಟು ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ತೋರಿಸುವುದು ಆ ಕೆನ್ನೆಯನ್ನು.

ಚಿಕ್ಕಪ್ಪ ಮೂವರಲ್ಲಿ ಕೊನೆಯವನು. ಅವನಿಗೆ ಹುಳ, ಸೊಪ್ಪು ಒಂದೂ ಬೇಡ. ಕಲರ್ ಟೀವಿ, ವಿಡಿಯೋ ಡೆಕ್ಕು ಇಟ್ಟುಕೊಂಡು ಹನೂರು ಸುತ್ತಿನ ಊರುಗಳಿಗೆ ಸಿನಿಮಾ ತೋರಿಸಲು ಬಾಡಿಗೆಗೆ ಹೋಗುತ್ತಿದ್ದ. ಒಂದು ಸಲ ಮದ್ರಾಸಿಗೆ ಹೋದವನು ವಿಡಿಯೋ ಗೇಮಿನ ಪೆಟ್ಟಿಗೆ ತಂದ. ಟೀವಿಗೆ ಸಿಕ್ಕಿಸಿದರೆ ಆಟ ಬರುತ್ತದೆ, ಜನ ಮುಗಿಬಿದ್ದು ಬರುತ್ತಾರೆ ಎಂದ. ಯಾರೂ ಬರಲಿಲ್ಲ. ಇಡೀ ಊರು ಕೂತು ಸಿನಿಮಾ ನೋಡಬಹುದಾದ ಟೀವಿಯಲ್ಲಿ ಇಬ್ಬರು ಮಾತ್ರ ಆಡಿದರೆ ಉಳಿದವರಿಗೆ ಏನು ಬಂತು? ಪೆಟ್ಟಿಗೆಯನ್ನೂ ಹಳೆಯ ಕಪ್ಪುಬಿಳುಪು ಟೀವಿಯನ್ನೂ ತಂದು ಹಿತ್ತಲಿನ ಹೊರಕೋಣೆಯಲ್ಲಿ ಎಸೆದ.

ಹೊರಕೋಣೆ ಎಂದರೆ ಕೊಟ್ಟಿಗೆಯ ಪಕ್ಕದಲ್ಲಿ ಮುಟ್ಟಾದ ಹೆಂಗಸರು ಮೂರು ದಿನ ಕೂರುವ ಜಾಗ. ನಮ್ಮ ಮನೆಯಲ್ಲಿ ಈ ಕಟ್ಟಳೆ ದೇವರ ಕೋಣೆಗಿಂತ ಹುಳದ ಮನೆಗೆ ಬಿಗಿ. ಮುಟ್ಟಾದವಳ ನೆರಳು ತಟ್ಟೆಯ ಮೇಲೆ ಬಿದ್ದರೆ ಹುಳ ಗೂಡು ಕಟ್ಟುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಅವಳು ಸೊಪ್ಪು ಕೊಯ್ಯುವ ಹಾಗಿಲ್ಲ, ಕತ್ತರಿಸುವ ಹಾಗಿಲ್ಲ, ತಟ್ಟೆಯ ಹಿಕ್ಕೆ ಬಳಿಯುವ ಹಾಗಿಲ್ಲ. ಗಂಡಸರ ಪಾಲಿಗೆ ಹೊರಕೋಣೆಯ ಗುಣವೆಂದರೆ ಹೆಂಗಸರು ಕೂತಿರುವಾಗ ಅಲ್ಲಿಗೆ ಅವರು ಕಾಲಿಡುವುದಿಲ್ಲ ಎಂಬುದು. ನಮ್ಮ ಪಾಲಿನ ಗುಣವೂ ಅದೇ.

ಚಿಕ್ಕಪ್ಪನ ಮಗಳು ಮಾದೇವಿ ನನ್ನ ಓರಗೆಯವಳು. ಇಬ್ಬರೂ ಒಂಬತ್ತನೇ ಕ್ಲಾಸು. ಅವಳು ಅಪ್ಪ ವೈರು ಸಿಕ್ಕಿಸುವುದನ್ನು ನೋಡಿ ಕಲಿತಿದ್ದಳು. ಒಂದು ಮಧ್ಯಾಹ್ನ ನಾವಿಬ್ಬರೂ ನಿಜವಾಗಿಯೇ ಹೊರಗೆ ಕೂತಿದ್ದಾಗ ಬಲ್ಬಿನ ಹೋಲ್ಡರಿನಿಂದ ಕರೆಂಟು ಎಳೆದು ಟೀವಿ ಹಚ್ಚಿದಳು. ಪರದೆಯ ಮೇಲೆ ಇಟ್ಟಿಗೆ ಗೋಡೆಗಳು, ಕೆಳಗೆ ನಡುವೆ ಗೋಡೆಯೊಳಗೆ ಒಂದು ಹಕ್ಕಿ, ಮೇಲಿನಿಂದ ಇಳಿದು ಬರುವ ಗುಂಡು ಹೊಡೆಯುವ ಗಾಡಿಗಳು. ಅವು ಟ್ಯಾಂಕುಗಳು ಎಂದು ನಮಗೆ ಹೇಳುವವರಾರು? ಟ್ರಾಕ್ಟರು ಅಂದುಕೊಂಡೆವು. ಹಕ್ಕಿಯನ್ನು ಕೋಳಿ ಅಂದೆವು. ಒಂದು ಬೆಳ್ಳನೆಯ ಟ್ರಾಕ್ಟರು ಮಾದೇವಿಯದು, ಬೂದಿ ಬಣ್ಣದ್ದು ನನ್ನದು. ಇಬ್ಬರೂ ಸೇರಿ ಕೋಳಿ ಕಾಯಬೇಕು. ಕೋಳಿಗೆ ಗುಂಡು ತಗುಲಿದರೆ ಆಟ ಮುಗಿಯಿತು. ಪಕ್ಕದ ಮನೆಯ ಸೆಲ್ವಿ, ಗೂಡು ಬೇಯಿಸಿ ನೂಲು ತೆಗೆಯುವವರ ಮಗಳು, ಹಿತ್ತಲ ಗೋಡೆ ಹಾರಿ ಬಂದು ಬಾಗಿಲಲ್ಲಿ ಕೂರುತ್ತಿದ್ದಳು. ಒಂದು ಕಣ್ಣು ಹಾದಿಯ ಮೇಲೆ, ಒಂದು ಕಣ್ಣು ಪರದೆಯ ಮೇಲೆ. ಗುಂಡಿ ಒತ್ತುವ ಹಿಡಿಕೆ ಇದ್ದದ್ದು ಎರಡೇ, ಅವಳಿಗೆ ಆಡಲು ಇಲ್ಲ, ಆದರೆ ಬಾಯಿ ನಮ್ಮಿಬ್ಬರಿಗಿಂತ ಜೋರು. ಎಡಕ್ಕೆ ಹೋಗು, ಗೋಡೆ ಒಡೆಯಬೇಡ, ಕೋಳಿ ಬಿಟ್ಟು ಎಲ್ಲಿ ಹೋದೆ ಎಂದು ತಮಿಳಿನಲ್ಲಿ ಬೈಯುತ್ತಿದ್ದಳು. ಮಾದೇವಿ ಮುಂದೆ ನುಗ್ಗುವವಳು. ಅವಳ ಗುಂಡು ಎಷ್ಟೋ ಸಲ ನನಗೇ ತಗುಲಿ ನನ್ನ ಟ್ರಾಕ್ಟರು ಕಲ್ಲಾಗಿ ನಿಂತುಬಿಡುತ್ತಿತ್ತು. ಅದಕ್ಕೆ ಜುಟ್ಟು ಹಿಡಿದು ಜಗಳವಾಡಿದ್ದೇವೆ.

ಆಟಕ್ಕೆ ಇಬ್ಬರು ಬೇಕು. ನಿಜವಾದ ಮುಟ್ಟು ಇಬ್ಬರಿಗೂ ಒಟ್ಟಿಗೇ ಬರಬೇಕೆಂದು ಯಾವ ನಿಯಮವಿದೆ? ಅವಳು ಹೊರಗಾದಾಗ ನಾನೂ ಹೊರಗಾದೆ ಎಂದೆ. ನಾನು ಹೊರಗಾದಾಗ ಅವಳೂ ಎಂದಳು. ಹೀಗೆ ತಿಂಗಳಿಗೆ ಎರಡು ಸಲ ನಾವು ಹೊರಕೋಣೆ ಸೇರಿದೆವು. ಎಲ್ಲರೂ ತೋಟದಲ್ಲಿ ಸೊಪ್ಪು ಕೊಯ್ಯುವ ಹೊತ್ತಿಗೆ ನಾವು ಟೀವಿಯ ದನಿ ಅಡಗಿಸಿ ಕೂರುತ್ತಿದ್ದೆವು. ಒಳಗೆ ಬಡಿಸುವ ಮೊದಲೇ ದೊಡ್ಡವ್ವ ದೂರದಿಂದ ತಟ್ಟೆ ಜಾರಿಸಿ ಹೋಗುತ್ತಿದ್ದಳು. ಆ ಮನೆಯಲ್ಲಿ ನನಗೆ ಮುದ್ದೆ ಬಿಸಿಯಾಗಿ ಸಿಕ್ಕಿದ್ದು ಮುಟ್ಟಿನಲ್ಲಿ ಮಾತ್ರ. ಸುಳ್ಳು ಹೇಳಿದ್ದಕ್ಕೆ ನನಗೆ ಆಗ ನಾಚಿಕೆಯಾಗಲಿಲ್ಲ, ಈಗಲೂ ಇಲ್ಲ. ಮೈಯಿಂದ ಇಳಿಯುವ ನೆತ್ತರಿಗೆ ಹೆದರಿ ನಮ್ಮನ್ನು ದನದ ಪಕ್ಕ ಕೂರಿಸಿದವರು ಅವರು. ಆ ಹೆದರಿಕೆಯನ್ನು ನಾವು ಬಳಸಿಕೊಂಡೆವು.

ಆ ಚಳಿಗಾಲ ಹುಳ ಹೋಯಿತು. ಇನ್ನೇನು ಹಣ್ಣಾಗಿ ಚಂದ್ರಿಕೆಗೆ ಹಾಕಬೇಕು, ಬಿದಿರಿನ ಆ ಹೆಣಿಗೆಯ ಮೇಲೆ ಗೂಡು ಕಟ್ಟಬೇಕು, ಅಷ್ಟರಲ್ಲಿ ಹುಳ ಬೆಳ್ಳಗೆ ಸುಣ್ಣದ ಕಡ್ಡಿಯ ಹಾಗೆ ಸೆಟೆದು ಸಾಯತೊಡಗಿದವು. ಸುಣ್ಣಕಟ್ಟು ರೋಗ. ತಟ್ಟೆ ತಟ್ಟೆಯನ್ನೇ ಹೊತ್ತು ಗುಂಡಿಗೆ ಸುರಿದೆವು. ಮಾರನೆಯ ದಿನ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ದೊಡ್ಡಪ್ಪ ಕೆಮ್ಮಿದ. ಮಾತಾಡಿದ್ದು ದೊಡ್ಡವ್ವ.

“ಒಂದ್ ಕೂಸು ತಿಂಗ್ಳಿಗೆ ಎರಡ್ ಸಲ ಒರ್ಗಾದ್ರೆ ಮನೇಲಿ ಉಳ ನಿಂತದಾ? ಅದೇನ್ ಕಾಯ್ಲೆಯೋ ಏನೋ. ಮದ್ವೆ ಮಾಡ್ಬುಟ್ರೆ ಸರಿಯೋಯ್ತದೆ. ಯಳಂದೂರ್ನೋರು ಕೇಳ್ತಾನೇ ಅವ್ರೆ.”

ಎರಡು ಸಲ ಹೊರಗಾದ ಕೂಸುಗಳು ಇಬ್ಬರಿದ್ದೆವು. ದೊಡ್ಡವ್ವನ ಕಣ್ಣು ಇದ್ದದ್ದು ನನ್ನ ಮೇಲೆ ಮಾತ್ರ. ಮಾದೇವಿಗೆ ಅಪ್ಪ ಇದ್ದ. ನಾನು ಸ್ಕೂಲು ಎಂದೆ. ಲೆಕ್ಕದ ಪರೀಕ್ಷೆಯಲ್ಲಿ ನಾನು ಮಾದೇವಿಗಿಂತ ಮುಂದಿದ್ದೆ, ಹತ್ತನೇ ಕ್ಲಾಸು ಮುಗಿಸಿ ಕೊಳ್ಳೇಗಾಲದ ಕಾಲೇಜಿಗೆ ಬಸ್ಸಿನಲ್ಲಿ ಹೋಗುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ದೊಡ್ಡಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೆಗಲ ಮೇಲಿನ ಟವಲ್ಲು ಕೊಡವಿ ಎದ್ದು ಹೋದ.

ಅವ್ವ ಬಾವಿಕಟ್ಟೆಯಲ್ಲಿ ತಟ್ಟೆ ಉಜ್ಜುತ್ತಿದ್ದಳು. ನಾನು ಹೋಗಿ ಎಲ್ಲವನ್ನೂ ಹೇಳಿದೆ. ಕಾಯಿಲೆ ಇಲ್ಲ, ಮುಟ್ಟೂ ಅಲ್ಲ, ಆಟ ಆಡಲು ಹೇಳಿದ ಸುಳ್ಳು, ಹೋಗಿ ಅವರಿಗೆ ಹೇಳು ಎಂದೆ. ಅವ್ವ ಉಜ್ಜುವುದನ್ನು ನಿಲ್ಲಿಸಲಿಲ್ಲ.

“ಗೊತ್ತು ಕಣವ್ವ. ಬಟ್ಟೆ ಒಗ್ದು ಬೇಲಿಗಾಕ್ದೇ ಇರೋ ಮುಟ್ಟು ಯಾವ್ದು? ಆವತ್ತಿಂದ್ಲೇ ಗೊತ್ತು.”

“ಗೊತ್ತಿದ್ರೆ ಅವ್ರ್ಗೆ ಏಳವ್ವ ಮತ್ತೆ.”

“ಏಳಿ ಏನಾಯ್ತದೆ? ಮುಟ್ನಲ್ಲೇ ಸುಳ್ ಏಳೋ ಎಣ್ಣು ಅಂದ್ರೆ ನಿನ್ನ ಯಾರೂ ತಕಳಲ್ಲ. ಮಾದೇವೀನೂ ತಕಳಲ್ಲ. ಆಮೇಕೆ ಅವ್ರಪ್ಪ ನಮ್ಮನ್ನ ಇಲ್ಲಿ ಇರಾಕ್ ಬುಡ್ತಾನಾ? ಕಾಯ್ಲೆ ಅಂದ್ರೆ ಮದ್ವೆ ಆದ್ರೂ ಆಯ್ತದೆ. ನಾನ್ ಇವ್ರ್ ಅನ್ನ ತಿಂತಾ ಇವ್ನಿ. ನೀ ತಿನ್ನೋದ್ ಬ್ಯಾಡ, ಓಗು.”

ಅಳಲಿಲ್ಲ ಅವಳು. ಅತ್ತಿದ್ದರೆ ನಾನು ಸ್ವಲ್ಪ ಮೆತ್ತಗಾಗುತ್ತಿದ್ದೆನೋ ಏನೋ. ಅವಳು ಸಾಯುವವರೆಗೂ ನಾನು ಅವಳನ್ನು ಚೆನ್ನಾಗಿಯೇ ನೋಡಿಕೊಂಡೆ, ಕೊನೆಯ ಎರಡು ವರ್ಷ ನನ್ನ ಮನೆಯಲ್ಲೇ ಇದ್ದಳು, ತುತ್ತು ಮಾಡಿ ತಿನ್ನಿಸಿದೆ. ಆದರೆ ಬಾವಿಕಟ್ಟೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಆಗಲೂ ಕಾನೂನು ಇತ್ತು, ಆ ವಯಸ್ಸಿನ ಹುಡುಗಿಗೆ ಮದುವೆ ಮಾಡಬಾರದು ಎಂದು ಸ್ಕೂಲಿನ ಗೋಡೆಯ ಮೇಲೆಯೇ ಬರೆದಿತ್ತು. ಆ ಗೋಡೆ ಬರೆಸಿದವರೇ ಮದುವೆಗೆ ಬಂದು ಉಂಡರು. ಮಾದೇವಿ ಮದುವೆಯ ದಿನ ನನ್ನ ಹತ್ತಿರ ಬರಲಿಲ್ಲ. ಅಳುಬುರುಕಿ, ಎಲ್ಲೋ ಮೂಲೆಯಲ್ಲಿ ಅಳುತ್ತಿರಬೇಕು ಎಂದುಕೊಂಡೆ.

ಯಳಂದೂರಿನ ಗಂಡ ಕೆಟ್ಟವನೇನಲ್ಲ. ಕೆಟ್ಟವನಲ್ಲದ ಗಂಡನನ್ನು ಕಟ್ಟಿಕೊಂಡ ಹೆಂಗಸಿಗೆ ದೂರಲು ಏನೂ ಇಲ್ಲ ಎಂದು ಜನ ತಿಳಿಯುತ್ತಾರೆ, ಅದೊಂದು ಕಷ್ಟ. ನಲವತ್ತು ತುಂಬುವ ಮೊದಲೇ ಅಜ್ಜಿಯಾದೆ. ಮಾದೇವಿ ಓದಿದಳು, ಹನೂರಿನಲ್ಲಿ ಟೀಚರಾದಳು. ಸೆಲ್ವಿ ಕೊಳ್ಳೇಗಾಲದ ನೇಕಾರರ ಮನೆ ಸೇರಿದಳು. ಮೂವರ ನಡುವೆ ಬಳಕೆ ತಪ್ಪಲಿಲ್ಲ. ಹೆರಿಗೆಗೆ, ಸಾವಿಗೆ, ಆಸ್ಪತ್ರೆಗೆ ಒಬ್ಬರಿಗೊಬ್ಬರು ಆದೆವು. ನನ್ನ ಎರಡನೇ ಮಗು ಹೋದಾಗ ಮಾದೇವಿ ಸ್ಕೂಲಿಗೆ ರಜೆ ಹಾಕಿ ಬಂದು ನನ್ನ ಪಕ್ಕದಲ್ಲೇ ಬಿದ್ದಿದ್ದಳು. ಕೆಲವು ವರ್ಷದ ಹಿಂದೆ ಸೆಲ್ವಿಯ ಅಳಿಯ ಒಂದು ಸಣ್ಣ ಪೆಟ್ಟಿಗೆ ತಂದು ಅವರ ಟೀವಿಗೆ ಸಿಕ್ಕಿಸಿದ. ಹಳೆಯ ಆಟಗಳೆಲ್ಲ ಅದರಲ್ಲಿವೆಯಂತೆ. ಸೆಲ್ವಿ ಫೋನು ಮಾಡಿ ಬರಹೇಳಿದಳು. ಹೋಗಿ ನೋಡಿದರೆ ನಮ್ಮ ಟ್ರಾಕ್ಟರು. ಮಾದೇವಿಯದು ಹಳದಿ, ನನ್ನದು ಹಸಿರು, ಇಟ್ಟಿಗೆ ಕೆಂಪು. ಆಗಿನ ಕಪ್ಪುಬಿಳುಪು ಟೀವಿಯಲ್ಲಿ ನಾವು ಬರೀ ಬೂದಿ ಬಣ್ಣದಲ್ಲಿ ಆಡಿದ್ದೆವು. ಅಳಿಯ ಹೇಳಿದ, ಇದನ್ನು ಈಗಲೂ ಆಡುವವರು ಊರೂರಲ್ಲಿದ್ದಾರೆ, ಫೋನಿನಲ್ಲಿ ಗುಂಪು ಕಟ್ಟಿಕೊಂಡು ಆ ಕಾಲ ಎಷ್ಟು ಚೆನ್ನಾಗಿತ್ತು ಎಂದು ಬರೆಯುತ್ತಾರೆ ಎಂದು. ಅವರ ಕಾಲ ಚೆನ್ನಾಗಿದ್ದಿರಬೇಕು. ನಮಗೆ ಆಟ ಚೆನ್ನಾಗಿತ್ತು, ಕಾಲವಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಅಂದಿನಿಂದ ತಿಂಗಳಿಗೊಮ್ಮೆ ಸೆಲ್ವಿಯ ಮನೆಯಲ್ಲಿ ಸೇರುತ್ತೇವೆ. ಕನ್ನಡಕ ಹಾಕಿಕೊಂಡು ಕೋಳಿ ಕಾಯುತ್ತೇವೆ. ಸೆಲ್ವಿಗೆ ಈಗ ಆಡಲು ಬರುತ್ತದೆ, ಆದರೂ ಬೈಯುವುದೇ ಹೆಚ್ಚು ಇಷ್ಟ.

ಹೋದ ವರ್ಷ ಚಿಕ್ಕಪ್ಪ ಶಾಗ್ಯದ ಆ ಮನೆ ಕೆಡವಿ ಹೊಸದು ಕಟ್ಟಿದ. ಹಿರಿಯರಲ್ಲಿ ಉಳಿದವನು ಅವನೊಬ್ಬನೇ. ಗೃಹಪ್ರವೇಶಕ್ಕೆ ಮೂವರೂ ಹೋದೆವು. ಊಟಕ್ಕೆ ಒಂದೇ ಸಾಲಿನಲ್ಲಿ ಕೂತಿದ್ದೆವು, ಹೋಳಿಗೆ ಬಡಿಸಿ ಆಗಿತ್ತು, ಅನ್ನಕ್ಕೆ ಸಾರು ಬಿದ್ದಿತ್ತು. ಸೊಸೆಯರಲ್ಲಿ ಯಾರೋ, ಈ ಅಜ್ಜಿಯರು ಈಗಲೂ ಗೇಮ್ ಆಡ್ತಾರಂತೆ ಎಂದು ನಕ್ಕರು. ಸಾಲಿನ ನಡುವೆ ಉಪಚಾರ ಹೇಳುತ್ತಾ ಬರುತ್ತಿದ್ದ ಚಿಕ್ಕಪ್ಪ ನಿಂತ. ಅವನಿಗೆ ಕತೆ ಸಿಕ್ಕಿತು.

“ಈಗಲ್ಲ, ಆವಾಗ್ಲೇ ಆಡವು. ಮುಟ್ಟು ಅಂತ ಸುಳ್ ಏಳ್ಬುಟ್ಟು ಒರ್ಗಿನ್ ಕೋಣೇಲಿ ಕೂತ್ಕಂಡು ಆಡವು. ನಮ್ಗೇನ್ ಗೊತ್ತಿರ್ನಿಲ್ವಾ? ಎಲ್ಲಾರ್ಗೂ ಗೊತ್ತಿತ್ತು. ನಮ್ಮಣ್ಣ ಕಿಟ್ಕೀಲಿ ಬಗ್ಗಿ ನೋಡ್ಬುಟ್ಟು ಬಂದು ಬಿದ್ ಬಿದ್ ನಗೋನು. ಆ ಕಾಲವೇ ಚೆಂದ ಕಣ್ರಪ್ಪ.”

ಸಾಲೆಲ್ಲ ನಕ್ಕಿತು. ನನ್ನ ಕೈ ಅನ್ನದಲ್ಲಿತ್ತು. ದೊಡ್ಡಪ್ಪ ನಗುವುದನ್ನು ನಾನು ಒಂದು ಸಲವೂ ಕಂಡಿರಲಿಲ್ಲ. ನಗು ಇಳಿಯುವವರೆಗೆ ಕಾದು ಕೇಳಿದೆ.

“ಗೊತ್ತಿದ್ ಮ್ಯಾಲೆ ನನ್ ಸ್ಕೂಲ್ ಯಾಕ್ ಬುಡುಸ್ದ್ರಿ ಚಿಕ್ಕಪ್ಪ?”

ಅವನು ಇನ್ನೂ ಮುಗುಳ್ನಗುತ್ತಲೇ ಇದ್ದ. ನಾನು ತಮಾಷೆಗೆ ಕೇಳಿದೆ ಎಂದುಕೊಂಡನೋ, ವಯಸ್ಸಾಗಿ ಬಾಯಿಗೆ ಬೇಲಿ ಇಲ್ಲವಾಗಿತ್ತೋ.

“ಉಳ ಓಗಿತ್ತಲ್ಲವ್ವ. ಆ ಸಲ ತಟ್ಟೆಗೆ ಔಸ್ದಿ ಹಾಕಿ ತೊಳ್ಸ್ದೆ ಹಂಗೇ ಉಳ ಬುಟ್ಟಿದ್ದ ನಮ್ಮಣ್ಣ. ಯಜಮಾನ ಅನ್ನಿಸ್ಕಂಡೋನು ನಂದೇ ತಪ್ಪು ಅಂತ ಊರ್ ಮುಂದೆ ಏಳಾಕಾಯ್ತದಾ? ಏನಾರ ಒಂದ್ ಏಳ್ಬೇಕಿತ್ತು. ಹೆಂಗೂ ಯಳಂದೂರ್ನೋರು ಕೇಳ್ತಿದ್ರು. ಈ ಮಾದೇವಿ ಬ್ಯಾರೆ ನಂತಾವ್ ಬಂದು, ಅಪ್ಪಾ ಸುಳ್ಳು, ದೊಡ್ಡಪ್ಪಂಗೆ ಏಳು ಅಂತ ಒಂದೇ ಸಮ ಅತ್ಲು. ಬಾಯ್ ಮುಚ್ಕಂಡಿರು, ಇಲ್ಲಾ ಅಂದ್ರೆ ನಿನ್ ಸ್ಕೂಲೂ ಓಯ್ತದೆ ಅಂದೆ. ಅಲ್ಲಿಗೆ ಸುಮ್ಗಾದ್ಲು.”

ನಾನು ಮಾದೇವಿಯನ್ನು ನೋಡಿದೆ. ಅವಳು ಎಲೆ ನೋಡುತ್ತಿದ್ದಳು. ಟೀಚರಮ್ಮ, ಕಿವಿಯಲ್ಲಿ ಓಲೆ, ಮಣಿಕಟ್ಟಿನಲ್ಲಿ ವಾಚು. ನನ್ನ ಮಗು ಸತ್ತಾಗ ಪಕ್ಕದಲ್ಲಿ ಬಿದ್ದಿದ್ದವಳು. ತಿಂಗಳಿಗೊಮ್ಮೆ ನನ್ನ ಭುಜಕ್ಕೆ ಭುಜ ತಾಗಿಸಿ ಆಡುವವಳು. ಇಷ್ಟು ವರ್ಷದಲ್ಲಿ ಒಂದು ದಿನ ಹೇಳಲಿಲ್ಲ.

ನಮ್ಮ ಕಡೆ ಪಂಕ್ತಿಯಲ್ಲಿ ಅನ್ನ ಕಲಸಿಟ್ಟು ಎದ್ದರೆ ಆ ಮನೆಯವರ ಮುಖಕ್ಕೆ ಉಗಿದ ಹಾಗೆ. ಗೃಹಪ್ರವೇಶದ ದಿನವಂತೂ ಮಾಡಬಾರದ ಕೆಲಸ. ನಾನು ಎದ್ದೆ. ಚಿಕ್ಕಪ್ಪನ ನಗು ಆಗ ನಿಂತಿತು. ಕೂತ್ಕೊ ಕೂತ್ಕೊ ಎಂದು ಯಾರೋ ಸೆರಗು ಜಗ್ಗಿದರು. ಕೈ ತೊಳೆಯದೆ ಚಪ್ಪಲಿ ಹುಡುಕಿಕೊಂಡು ಬೀದಿಗೆ ಬಂದೆ. ಹಿಂದೆ ಗಲಾಟೆ ಕೇಳಿತು, ಸೆಲ್ವಿ ಬಂದಳು. ಅವಳ ಹಿಂದೆ ಮಾದೇವಿ. ಅವಳ ಬಲಗೈಯೂ ಎಂಜಲು. ಮಗಳು ಅಪ್ಪನ ಹೊಸ ಮನೆಯ ಮೊದಲ ಊಟ ಬಿಟ್ಟು ಎದ್ದಿದ್ದಳು.

ಆಟೋದಲ್ಲಿ ಹನೂರಿಗೆ ಬಂದೆವು. ಬಸ್ ನಿಲ್ದಾಣದ ನಲ್ಲಿಯಲ್ಲಿ ಕೈ ತೊಳೆಯುವಾಗ ಮಾದೇವಿ ಬಾಯಿ ಬಿಟ್ಟಳು.

“ನಂಗೆ ಓದ್ಬೇಕಿತ್ತು ಕಣೇ ನೀಲಿ.”

“ನಂಗೂ.”

“ಏಳಾಕ್ ಎಷ್ಟ್ ಸಲ ಬಂದಿವ್ನಿ ಗೊತ್ತಾ? ಏಳ್ದ್ರೆ ನೀ ಇನ್ ನನ್ ಮಖ ನೋಡಲ್ಲ ಅನ್ಕಂಡೆ.”

“ಸರ್ಯಾಗೇ ಅನ್ಕಂಡಿದ್ದೆ.”

ಸೆಲ್ವಿ ನಮ್ಮಿಬ್ಬರ ನಡುವೆ ಬಂದು ನಿಂತು, ಸಾಕು ಬುಡ್ರಿ, ಸತ್ತೋರ್ ಮೇಲಿನ್ ಸಿಟ್ಟನ್ನ ಬದ್ಕಿರೋರ್ ಮೇಲೆ ತೀರುಸ್ಬ್ಯಾಡಿ ಎಂದಳು. ನಾನು ಅವಳಿಗೂ ಬೈದೆ. ಸತ್ತವರು ಸತ್ತು ತಪ್ಪಿಸಿಕೊಂಡರು, ಅವ್ವ ತಪ್ಪಿಸಿಕೊಂಡಳು, ದೊಡ್ಡಪ್ಪ ತಪ್ಪಿಸಿಕೊಂಡ, ಚಿಕ್ಕಪ್ಪ ನಕ್ಕು ತಪ್ಪಿಸಿಕೊಂಡ, ಇವಳನ್ನೂ ಬಿಟ್ಟರೆ ನಾನು ಯಾರನ್ನು ಹಿಡಿದು ಕೇಳಲಿ ಎಂದೆ. ಮಾದೇವಿ ಆಗ ಹದಿನಾಲ್ಕು ವರ್ಷದ ಹುಡುಗಿ, ಅಪ್ಪನಿಗೆ ಹೆದರಿದಳು ಅನ್ನಬಹುದು. ಹಾಗೆಂದು ಬೇರೆಯವರು ಅನ್ನಲಿ. ನಾನು ಅನ್ನುವುದಿಲ್ಲ. ಹೆದರುವ ವಯಸ್ಸು ದಾಟಿ ಎಷ್ಟೋ ವರ್ಷ ಆಗಿತ್ತು.

ಚಾಮರಾಜನಗರದ ಬಸ್ಸು ಬಂತು. ಕೊಳ್ಳೇಗಾಲ, ಯಳಂದೂರು ಎರಡಕ್ಕೂ ಅದೇ. ನಾನೂ ಸೆಲ್ವಿಯೂ ಹತ್ತಿದೆವು. ಮಾದೇವಿಯ ಮನೆ ಹನೂರಿನಲ್ಲೇ, ನಿಲ್ದಾಣದಿಂದ ಕೂಗಳತೆ. ಅವಳೂ ಹತ್ತಿದಳು. ಬಂದು ನನ್ನ ಪಕ್ಕದಲ್ಲೇ ಕೂತಳು.

“ಇಳಿ,” ಎಂದೆ.

ಇಳಿಯಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತೆ. ಬಸ್ಸು ಊರು ದಾಟಿತು. ಕೊಳ್ಳೇಗಾಲದಲ್ಲಿ ಸೆಲ್ವಿ ಇಳಿಯುವಾಗ ನಮ್ಮಿಬ್ಬರನ್ನೂ ಒಮ್ಮೆ ನೋಡಿ ತಲೆ ಚಚ್ಚಿಕೊಂಡು ಹೋದಳು. ಅಲ್ಲಿ ಬೇರೆ ಕಂಡಕ್ಟರು ಹತ್ತಿ ಟಿಕೆಟ್ಟು ನೋಡುತ್ತಾ ಬಂದ. ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಕಾರ್ಡು ತೋರಿಸಬೇಕು. ನಾನು ನನ್ನದನ್ನು ತೋರಿಸಿದೆ. ಮಾದೇವಿ ಬ್ಯಾಗಿಗೆ ಕೈ ಹಾಕಲು ಹೋದಳು. ಬ್ಯಾಗು ಇರಲಿಲ್ಲ, ಅದು ಅವಳ ಅಪ್ಪನ ಮನೆಯಲ್ಲಿ, ಎಲೆಯ ಪಕ್ಕದಲ್ಲಿ ಉಳಿದಿತ್ತು. ಹನೂರಿನ ಕಂಡಕ್ಟರು ಟೀಚರ್ ಎಂದು ಗುರುತು ಹಿಡಿದು ಕೇಳದೆ ಬಿಟ್ಟಿದ್ದ. ಈತ ಬಿಡಲಿಲ್ಲ. ಕಾರ್ಡ್ ಇಲ್ಲ ಅಂದ್ರೆ ದುಡ್ ಕೊಡಿ, ಇಲ್ಲ ಇಲ್ಲೇ ಇಳೀರಿ ಎಂದ. ಅವಳು ನನ್ನನ್ನು ಕೇಳಲಿಲ್ಲ. ಸೀರೆ ಸರಿಮಾಡಿಕೊಂಡು ಇಳಿಯಲು ಎದ್ದಳು.

ನಾನು ಸೆರಗಿನ ಗಂಟು ಬಿಚ್ಚಿ ಕಂಡಕ್ಟರಿಗೆ ನೋಟು ಕೊಟ್ಟೆ. ಒಂದು ಯಳಂದೂರು ಎಂದೆ. ಅವಳು ಮತ್ತೆ ಕೂತಳು. ದಾರಿಯುದ್ದಕ್ಕೂ ನಾನು ಅವಳ ಕಡೆ ತಿರುಗಲಿಲ್ಲ.